ಎರಡು ಬಲತೋಳಿನ ಅಂಗಿ

ಜೂನ್ 3

ಅಕ್ಕಾ,

ಮೊದಲು ಇದನ್ನು ಪೂರ್ತಿ ಓದು, ಬೈಗುಳ ಆಮೇಲೆ. ನಾನು ಬದುಕಿದ್ದೇನೆ, ಕೈಕಾಲು ನೆಟ್ಟಗಿವೆ, ಪೆಟ್ಟಿಗೆಯೂ ಜೊತೆಯಲ್ಲೇ ಇದೆ. ಇರಬೇಕಾದ ಊರಲ್ಲಿ ಮಾತ್ರ ಇಲ್ಲ.

ಬಸ್ಸಿನಲ್ಲಿ ನಿದ್ದೆ ಹೋಗಿಬಿಟ್ಟೆ. ಗಾರ್ಮೆಂಟ್ಸ್ ಮುಚ್ಚಿದ ಮೇಲೆ ರೂಮು ಖಾಲಿ ಮಾಡುವ ಗಡಿಬಿಡಿಯಲ್ಲಿ ಹಿಂದಿನ ದಿನ ಸರಿಯಾಗಿ ಮಲಗಿರಲಿಲ್ಲ. ಕಿಟಕಿಗೆ ತಲೆ ಒರಗಿಸಿದ್ದೊಂದು ನೆನಪು. ನಿನ್ನ ಸ್ಟಾಪು ಯಾವಾಗ ಬಂತೋ ಯಾವಾಗ ಹೋಯಿತೋ ದೇವರಿಗೇ ಗೊತ್ತು. ಕಂಡಕ್ಟರು ಸೀಟು ತಟ್ಟಿ, "ಏಳಮ್ಮಾ, ಕೊನೇ ಸ್ಟಾಪು. ಇನ್ನು ಮುಂದೆ ರಸ್ತೇನೇ ಇಲ್ಲ" ಅಂದಾಗಲೇ ಎಚ್ಚರವಾದದ್ದು. ಅರ್ಧ ದಿನದ ದಾರಿ ಮುಂದೆ ಬಂದಿದ್ದೆ. ವಾಪಸು ಬಸ್ಸು ಮರುದಿನ. ಟಿಕೆಟ್ ಕೌಂಟರಿನ ಹೆಂಗಸು ಪಾಪ, ತನ್ನ ಕೋಣೆಯಲ್ಲೇ ಜಾಗ ಕೊಟ್ಟಳು.

ಬೆಳಿಗ್ಗೆ ಹೊರಡೋಣವೆಂದು ಅದೇ ಬಸ್ಸು ಹತ್ತಿದರೆ, ನಾನು ಕೂತಿದ್ದ ಸೀಟಿನ ರೆಕ್ಸಿನ್ ಹರಿದು ಸ್ಪಂಜು ನಾಲಿಗೆ ಚಾಚಿತ್ತು. ಕೈ ಸುಮ್ಮನಿರಬೇಕಲ್ಲ? ಬಸ್ಸು ಬಿಡಲು ಹೊತ್ತಿತ್ತು, ದಪ್ಪ ಸೂಜಿ ತೆಗೆದು ಹೊಲಿದೆ. ಇಲ್ಲಿ ಡಿಪೋದಲ್ಲಿ ಬಸ್ಸಿನ ಸೀಟು ಹೊಲಿಯುವುದಕ್ಕೇ ಒಂದು ಶೆಡ್ಡು ಇದೆ. ಅದರ ಮೇಸ್ತ್ರಿ ಬಂದು ನನ್ನ ಹೊಲಿಗೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಇದನ್ನ ಬಿಚ್ಚೋಕೆ ಇನ್ನೊಂದು ಜನ್ಮ ಬೇಕು. ಒಂದು ವಾರ ಇದ್ದು ಹೋಗಮ್ಮಾ, ನನ್ನ ಜೊತೆಗಾರ ಕೈಕೊಟ್ಟು ಹೋಗಿದಾನೆ" ಅಂದರು. ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಒಂದೇ ವಾರ ಅಕ್ಕಾ. ಇಲ್ಲಿಯ ಫೋನು ಬಸ್ಸು ಕೆಟ್ಟು ನಿಂತರೆ ಮಾತ್ರ ಮುಟ್ಟುವ ವಸ್ತುವಂತೆ, ಅದಕ್ಕೇ ಪತ್ರ.

ನೀನು ಸ್ಟಾಪಿಗೆ ಬಂದಿರಲಿಕ್ಕಿಲ್ಲ ಅಂದುಕೊಂಡಿದ್ದೇನೆ. ಅಷ್ಟು ಬಿಸಿಲಿನಲ್ಲಿ ಯಾರು ಬರುತ್ತಾರೆ.

ನಿನ್ನ ತಂಗಿ


ಜೂನ್ 9

ನಿದ್ದೆಬುರುಕಿಗೆ,

ಬಂದಿದ್ದೆ ಕಣೇ, ಬಾರದೆ ಇರುತ್ತೇನೆಯೇ? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅನ್ನುತ್ತಾರಲ್ಲ, ಹಾಗೆ ಕಾದಿದ್ದೆ. ಅಮ್ಮನ ಕರಿಕೊಡೆ ಹಿಡಿದುಕೊಂಡು. ಬಸ್ಸು ನಿಂತ ಕೂಡಲೇ ಮುಂದಿನಿಂದ ಹಿಂದಿನವರೆಗೆ ಒಂದೊಂದು ಕಿಟಕಿಯನ್ನೂ ನೋಡುತ್ತಾ ನಡೆದೆ. ಕಂಡಕ್ಟರನ್ನು ಕೇಳಿದರೆ, "ಇಳಿಯೋರೆಲ್ಲ ಇಳಿದಾಯ್ತಮ್ಮಾ" ಅಂದು ಸೀಟಿ ಊದಿಬಿಟ್ಟ. ನಿನ್ನ ಪತ್ರ ಬರುವವರೆಗೆ ನಾನು ಏನೇನು ಯೋಚಿಸಿದೆ ಅನ್ನುವುದನ್ನು ಬರೆಯುವುದಿಲ್ಲ.

ನಿದ್ದೆ ಅಂದಮೇಲೆ ನಗು ಬಂತು. ಚಿಕ್ಕವಳಿದ್ದಾಗ ನೀನು ನನ್ನ ಮಿಶಿನ್ನಿನ ಕೆಳಗೆ ಚಿಂದಿಬಟ್ಟೆಯ ರಾಶಿಯಲ್ಲಿ ಮಲಗಿರುತ್ತಿದ್ದೆ, ನಾವು ಊರೆಲ್ಲ ಹುಡುಕುತ್ತಿದ್ದೆವು. ಹುಟ್ಟುಗುಣ ಸುಟ್ಟರೂ ಹೋಗದು.

ಇಲ್ಲಿ ಎಲ್ಲ ತಯಾರಾಗಿದೆ. ಎರಡನೇ ಮಿಶಿನ್ನಿಗೆ ಎಣ್ಣೆ ಹಾಕಿಸಿ ಬೆಲ್ಟು ಬದಲಾಯಿಸಿದ್ದೇನೆ. ನಿನ್ನ ಕುರ್ಚಿಗೆ ಮೆತ್ತೆ ಹೊಲಿದಿದ್ದೇನೆ. ಬೋರ್ಡನ್ನೂ ಬರೆಸಿಯಾಯಿತು: ಅಕ್ಕ-ತಂಗಿ ಟೈಲರ್ಸ್. ಪೇಂಟರನ ಕೈತಪ್ಪಿ 'ತಂಗಿ' 'ಅಕ್ಕ'ನಿಗಿಂತ ದೊಡ್ಡದಾಗಿದೆಯಂತೆ. ಇರಲಿ ಬಿಡು, ನಾಳೆ ಅಂಗಡಿ ನಿನ್ನದೇ ತಾನೆ. ನಿನ್ನನ್ನು ಒಂದು ಮಾತು ಕೇಳದೆ ಬರೆಸಿದೆ. ಮನೆಯ ಹುಡುಗಿಯನ್ನು ಕೇಳುವುದೇನು? ಕೆಲಸ ರಾಶಿ ಬಿದ್ದಿದೆ, ಒಬ್ಬಳ ಕೈಯಲ್ಲಿ ಆಗುತ್ತಿಲ್ಲ, ಅದಕ್ಕೇ ನಿನ್ನನ್ನು ಕರೆದದ್ದು. ನಾನು ಕತ್ತರಿಸುತ್ತೇನೆ, ನೀನು ಹೊಲಿ. ಮೊದಲಿನ ಹಾಗೆಯೇ.

ಮೇಸ್ತ್ರಿಯ ವಾರ ಮುಗಿದ ಕೂಡಲೇ ಹೊರಡು. ಈ ಸಲ ಕಿಟಕಿ ಪಕ್ಕ ಕೂರಬೇಡ, ನಿದ್ದೆ ಬರುತ್ತದೆ.

ಅಕ್ಕ


ಜೂನ್ 24

ಅಕ್ಕಾ,

ಬರಬೇಕಿತ್ತು, ಬರಲಾಗಲಿಲ್ಲ. ಒಟ್ಟಿಗೇ ನಾಲ್ಕಾರು ಬಸ್ಸು ಶೆಡ್ಡಿಗೆ ಬಂದು ಬಿದ್ದಿವೆ. ಸೀಟಿಗೆ ಬೀಡಿಯಿಂದ ಸುಟ್ಟ ತೂತು, ಬ್ಲೇಡಿನಿಂದ ಕುಯ್ದ ಗೆರೆ, ಒಂದರ ಮೇಲಂತೂ ಯಾರೋ ತಮ್ಮ ಪ್ರೇಮವನ್ನೆಲ್ಲ ಮೊಳೆಯಿಂದ ಗೀಚಿದ್ದಾರೆ. ಅದನ್ನು ಕಿತ್ತು ಹೊಸ ರೆಕ್ಸಿನ್ ಹಾಕುವಾಗ ನನಗೇ ಪಾಪ ಅನ್ನಿಸಿತು. ಮೇಸ್ತ್ರಿ, "ಪ್ರೀತಿ ಹರಿದ್ರೂ ಸೀಟು ಹರೀಬಾರ್ದು, ಎಳೆದು ಹೊಲಿಯಮ್ಮಾ" ಅಂತಾರೆ.

ಇಲ್ಲಿ "ಬಗಲು ಬಿಗಿ, ಕುತ್ತಿಗೆ ಸಡಿಲ" ಎಂದು ವಾಪಸು ತಂದು ಎಸೆಯುವವರು ಯಾರೂ ಇಲ್ಲ. ಸೀಟು ಮಾತಾಡುವುದಿಲ್ಲ. ಉದ್ದನೆಯ ನೇರ ಹೊಲಿಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ. ನಾನೇ ಅಳೆದು ನಾನೇ ಕತ್ತರಿಸುತ್ತೇನೆ. ಹಾಗೆಂದು ಇಲ್ಲೇ ಇರುತ್ತೇನೆ ಅಂತಲ್ಲ. ಮುಂದಿನ ತಿಂಗಳು ಖಂಡಿತ.

ಒಂದು ವಿಷಯ. ಒಂದೊಂದು ಕಿಟಕಿಯನ್ನೂ ನೋಡಿದೆ ಎಂದು ಬರೆದಿದ್ದೀಯಲ್ಲ, ನಿಜವಾಗಿಯೂ ಎಲ್ಲ ಕಿಟಕಿ ನೋಡಿದೆಯಾ? ಹಿಂದಿನ ಬಾಗಿಲ ಪಕ್ಕದ್ದೂ? ಸುಮ್ಮನೆ ಕೇಳಿದೆ.

ನಿನ್ನ ತಂಗಿ


ಜುಲೈ 15

ನಿದ್ದೆಬುರುಕಿ,

ಎಲ್ಲವನ್ನೂ ನೋಡಿದೆ, ಹಿಂದಿನ ಬಾಗಿಲಿನದನ್ನೂ. ಅದನ್ನೇಕೆ ಈಗ ಕೆದಕುತ್ತೀಯ? ಮಲಗಿದ್ದವಳ ತಲೆ ಕಿಟಕಿಯ ಕೆಳಗೆ ಜಾರಿರುತ್ತದೆ, ಕಾಣುವುದಾದರೂ ಹೇಗೆ? ಆದದ್ದಾಯಿತು.

ಪೆನ್ನು ಕೈಕೊಟ್ಟಿದೆ, ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ದಪ್ಪವಾಗಿದ್ದರೆ ಸಹಿಸಿಕೋ.

ನಿನ್ನ ಪತ್ರ ಮೇಲಿನ ಮನೆಯ ಟೀಚರಿಗೆ ಬಹಳ ಹಿಡಿಸಿತು. ಮೊಳೆಯಿಂದ ಗೀಚಿದ ಪ್ರೇಮದ ಕಥೆಗೆ ಬಿದ್ದು ಬಿದ್ದು ನಕ್ಕರು. ರಿಟೈರಾದ ಮೇಲೆ ಅವರಿಗೂ ಹೊತ್ತು ಹೋಗಬೇಕಲ್ಲ, ಸಂಜೆ ಕೆಳಗೆ ಬಂದು ಕೂರುತ್ತಾರೆ.

ಈ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಅಂಗಿ ಕಳಿಸಿದ್ದೇನೆ. ಶೆಡ್ಡಿನ ಕೊಳೆಗೆ, ಎಣ್ಣೆಗೆ ಒಳ್ಳೆಯ ಬಟ್ಟೆ ಹಾಳುಮಾಡಿಕೊಳ್ಳಬೇಡ. ಇದನ್ನು ಮೇಲೆ ಹಾಕಿಕೊಂಡು ಕೆಲಸ ಮಾಡು. ಗಟ್ಟಿ ಬಟ್ಟೆ, ಎರಡು ಜೇಬು. ಪೂರಾ ನಾನೇ ಕತ್ತರಿಸಿ ನಾನೇ ಹೊಲಿದದ್ದು. ಕಾಜಾ ಕೂಡ.

ಯಾವಾಗ ಬರುತ್ತೀಯ? ಅಲ್ಲಿ ಯಾರಾದರೂ ಮನಸ್ಸಿಗೆ ಹಿಡಿಸಿದ್ದರೆ ಹೇಳಿಬಿಡೇ. ಬಯ್ಯುವುದಿಲ್ಲ. ಡ್ರೈವರಾ, ಕಂಡಕ್ಟರಾ?

ಅಕ್ಕ


ಆಗಸ್ಟ್ 2

ಅಕ್ಕಾ,

ಡ್ರೈವರೂ ಇಲ್ಲ ಕಂಡಕ್ಟರೂ ಇಲ್ಲ. ಗಂಡಸಿಲ್ಲದೆ ಹೆಣ್ಣು ದಾರಿ ತಪ್ಪುವುದೇ ಇಲ್ಲವೇನು?

ಅಂಗಿ ಬಂತು. ಎಲ್ಲರೆದುರಿಗೇ ಖುಷಿಯಿಂದ ಹಾಕಿಕೊಳ್ಳಲು ಹೋದೆ. ಬಲಗೈ ಸಲೀಸಾಗಿ ಹೋಯಿತು. ಎಡಗೈ ತೂರಿಸಿದರೆ ಭುಜದ ಹತ್ತಿರ ಗಂಟು. ತೆಗೆದು ನೋಡಿದರೆ ಎರಡೂ ಬಲಗೈಯ ತೋಳು. ಮೇಸ್ತ್ರಿ, "ನಿಮ್ಮಕ್ಕನಿಗೆ ನಿನ್ನ ಎಡಗೈ ಕಂಡ್ರೆ ಆಗಲ್ವಾ?" ಎಂದು ನಕ್ಕರು. ನಾನು ನಗಲಿಲ್ಲ.

ಕಣ್ಣು ಮುಚ್ಚಿಕೊಂಡು ತೋಳು ಕತ್ತರಿಸುವವಳು ನೀನು. ಅಮ್ಮ ಹೋದ ಮೇಲೆ ಹೊಲಿಗೆಯಲ್ಲೇ ನನ್ನನ್ನು ಸಾಕಿದವಳು. ಒಂದು ತೋಳು ಬಲ, ಒಂದು ತೋಳು ಎಡ ಎಂದು ನನಗೆ ಕಲಿಸಿದವಳು. ನೀನು ತಪ್ಪುತ್ತೀಯ ಎಂದರೆ ನಂಬಬೇಕೇ? ಹೇಳಬೇಕಾದದ್ದನ್ನು ಬಟ್ಟೆಯಲ್ಲಿ ಹೇಳಿದ್ದೀಯ: 'ನನ್ನ ಎಡಗೈ ಕಡಿದುಕೊಂಡು ಹೋದೆಯಲ್ಲ, ನೀನೂ ಹಾಗೇ ಹಾಕಿಕೋ' ಅಂತ. ಪತ್ರದಲ್ಲಿ ಆ ದಪ್ಪ ದಪ್ಪ ಅಕ್ಷರ ಬೇರೆ, ಒಂದನೇ ತರಗತಿಯ ಮಗುವಿಗೆ ಬರೆದ ಹಾಗೆ. ಜೊತೆಗೆ ನನ್ನ ಪತ್ರವನ್ನು ಟೀಚರಿಗೆ ಓದಿಸುವುದು. ನನ್ನ ತಪ್ಪನ್ನು ಊರಿಗೆಲ್ಲ ಡಂಗುರ ಸಾರಬೇಕೆ?

ಕೋಪ ಇದ್ದರೆ ನೇರವಾಗಿ ಬಯ್ಯಿ. ಇಲ್ಲವಾದರೆ ಒಂದು ದಿನ ಅಂಗಡಿ ಮುಚ್ಚಿ ಇಲ್ಲಿಗೇ ಬಾ, ಎದುರಿಗೇ ಬಯ್ಯಿ. ನಿದ್ದೆಬುರುಕಿ ನಿದ್ದೆಬುರುಕಿ ಎಂದು ಪ್ರತಿ ಸಲ ಚುಚ್ಚಬೇಡ.

ತಂಗಿ


ಆಗಸ್ಟ್ 11

ತಂಗೀ,

ತೋಳು ತಪ್ಪಾಗಿದೆ. ಕೆಲಸದ ಅವಸರದಲ್ಲಿ ಬಟ್ಟೆಯ ಒಳಮೈ ಹೊರಮೈ ನೋಡಿಕೊಳ್ಳಲಿಲ್ಲ. ಬೇರೆ ಅರ್ಥವಿಲ್ಲ. ಬಿಚ್ಚಿ ಕಳಿಸು, ಸರಿ ಮಾಡುತ್ತೇನೆ. ಬೇಡ, ನೀನೇ ಸರಿ ಮಾಡಿಕೋ.

ಅಂಗಡಿ ಬಿಟ್ಟು ಬರಲು ಆಗುವುದಿಲ್ಲ.

ಇನ್ನು ನಿದ್ದೆಬುರುಕಿ ಅನ್ನುವುದಿಲ್ಲ.

ಅಕ್ಕ


ಅಕ್ಟೋಬರ್ 20

ಅಕ್ಕಾ,

ಇದನ್ನು ನೀನೊಬ್ಬಳೇ ಓದು. ಟೀಚರಿಗೆ ತೋರಿಸಬೇಡ. ಬಾಗಿಲು ಹಾಕಿಕೊಂಡು ಓದು.

ಆಗಸ್ಟಿನಿಂದ ನಿನಗೆ ಬರೆದಿಲ್ಲ, ನೀನೂ ಬರೆದಿಲ್ಲ. ನೀನು ಬರೆಯದಿದ್ದದ್ದು ನ್ಯಾಯ. ನಾನು ಬರೆಯದಿದ್ದದ್ದು, ಏನು ಬರೆದರೂ ಮೊದಲ ಪತ್ರದ ಸುಳ್ಳಿನ ಮೇಲೆ ಇನ್ನೊಂದು ತೇಪೆ ಆಗುತ್ತಿತ್ತು, ಅದಕ್ಕೆ.

ನಾನು ಅವತ್ತು ಮಲಗಿರಲಿಲ್ಲ.

ಅದು ನಿನಗೆ ಗೊತ್ತು. ಗೊತ್ತಿದ್ದೂ ನೀನು ಹೇಳಲಿಲ್ಲ, ಅದೇ ನನ್ನನ್ನು ಸುಡುತ್ತಿದೆ. ಬಸ್ಸು ತಿರುವಿನಲ್ಲಿ ತಿರುಗಿದಾಗಲೇ ನಿನ್ನನ್ನು ನೋಡಿದೆ. ಕರಿಕೊಡೆ, ಹೆಗಲಿಗೆ ಅಳತೆಯ ಟೇಪು. ತೆಗೆದಿಡುವುದನ್ನೂ ಮರೆತು ಓಡಿ ಬಂದಿದ್ದೆ ನೀನು. ಪೆಟ್ಟಿಗೆ ಹಿಡಿದು ಏಳಬೇಕಿತ್ತು. ಏಳಲಿಲ್ಲ. ನನ್ನ ಮುಂದಿನ ಬದುಕೆಲ್ಲ ಅಲ್ಲಿ ಕೊಡೆ ಹಿಡಿದುಕೊಂಡು ನಿಂತಿದೆ ಅನ್ನಿಸಿತು. ನೀನು ಕತ್ತರಿಸಿ ಕೊಡುವುದು, ನಾನು ಗೆರೆಯ ಮೇಲೆ ಹೊಲಿಯುವುದು, ನೀನು ಕೊಡುವುದು, ನಾನು ಹೊಲಿಯುವುದು. ಗಾರ್ಮೆಂಟ್ಸಿನಲ್ಲೂ ಅದೇ ಮಾಡಿದ್ದೆ, ಯಾರೋ ಕತ್ತರಿಸಿದ ಕಾಲರು. ನಿನ್ನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಪ್ರೀತಿ ಇದ್ದುದರಿಂದಲೇ ಎದುರು ನಿಂತು ಬೇಡ ಎನ್ನುವ ಧೈರ್ಯ ಇರಲಿಲ್ಲ.

ಆಮೇಲೆ ನೀನು ನನ್ನ ಕಿಟಕಿಗೆ ಬಂದೆ. ನೇರ ನನ್ನ ಮುಖವನ್ನೇ ನೋಡಿದೆ. ನೀನು ನಕ್ಕೆ. ನಾನು ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿಬಿಟ್ಟೆ. ಸೀಟಿನ ಕೆಳಗೆ ತಲೆ ಇಟ್ಟುಕೊಂಡು, ನೀನು ಕಂಡಕ್ಟರನ್ನು "ನಮ್ಮ ಹುಡುಗಿ ಇಳಿದಳಾ?" ಎಂದು ಕೇಳುವುದನ್ನು ಕೇಳಿಸಿಕೊಂಡೆ. ಆಗಲೂ ಏಳಲಿಲ್ಲ. ಸೀಟಿ ಊದಿದ ಮೇಲೆಯೇ ಎದ್ದದ್ದು.

ನೀನು ನನ್ನನ್ನು ನೋಡಿಯೂ ನೋಡಿಲ್ಲವೆಂದು ಬರೆದೆ. ನಿದ್ದೆಬುರುಕಿ ಎಂದು ಮುದ್ದು ಮಾಡಿದೆ. ನನ್ನ ಸುಳ್ಳನ್ನು ನೀನೇ ಹೊದಿಸಿ ಮಲಗಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ, ನಿನ್ನ ಒಂದೊಂದು ಮಾತಿಗೂ ನಾನು ಹೆಗಲು ಮುಟ್ಟಿಕೊಂಡಿದ್ದೇನೆ. ತೋಳಿನ ವಿಷಯಕ್ಕೆ ಹಾಗೆ ಕೂಗಾಡಿದ್ದೂ ಅದಕ್ಕೇ. ಆ ಅಂಗಿಯ ಹೊಲಿಗೆ ಬಿಚ್ಚಿಲ್ಲ. ಹಾಗೇ ಹಾಕಿಕೊಳ್ಳುತ್ತೇನೆ, ಎಡಭುಜ ಕೊರೆಯುತ್ತದೆ. ಕೊರೆಯಲಿ.

ಇಲ್ಲಿ ನಾನು ಸುಖವಾಗಿದ್ದೇನೆ ಅಕ್ಕಾ. ಅದೇ ಎಲ್ಲಕ್ಕಿಂತ ದೊಡ್ಡ ತಪ್ಪು ಅನ್ನಿಸುತ್ತದೆ. ಯಾಕೆ ಬಯ್ಯಲಿಲ್ಲ? ಯಾಕೆ ಅವತ್ತು ಕಿಟಕಿ ಬಡಿದು ಎಳೆದು ಇಳಿಸಲಿಲ್ಲ?

ತಂಗಿ


ನವೆಂಬರ್ 5

ತಂಗೀ,

ಈ ಅಕ್ಷರ ನನ್ನದಲ್ಲ, ಮೇಲಿನ ಮನೆಯ ಟೀಚರದು. ಮಾತು ನನ್ನದು. ಒಂದು ಮಾತನ್ನೂ ತಿದ್ದಬಾರದೆಂದು ಹೇಳಿದ್ದೇನೆ.

ನಿನ್ನ ಪತ್ರ ಬಂದ ಸಂಜೆ ಟೀಚರ್ ಎಂದಿನ ಹಾಗೆ ಒಡೆದು ಓದಲು ಶುರುಮಾಡಿದರು. ಮೊದಲ ಸಾಲಿಗೇ ನಿಲ್ಲಿಸಿ ಕನ್ನಡಕ ತೆಗೆದಿಟ್ಟರು. "ಇದನ್ನ ನಾನು ಓದಬಾರದಂತೆ, ನೀವೊಬ್ಬರೇ ಓದ್ಕೋಬೇಕಂತೆ" ಅಂದರು. ನಾನು, "ನೀವು ಓದದಿದ್ರೆ ಇದನ್ನ ಯಾರೂ ಓದಿದ ಹಾಗಾಗಲ್ಲ, ಓದಿ" ಅಂದೆ. ಬಾಗಿಲು ಮಾತ್ರ ಹಾಕಿದೆವು. ನೀನು ಹೇಳಿದ ಹಾಗೆ.

ನಿನ್ನನ್ನು ನಾನು ನೋಡಲಿಲ್ಲ ಕಣೇ.

ನನ್ನ ಎರಡೂ ಕಣ್ಣಿಗೆ ನಡುಭಾಗದ ದೃಷ್ಟಿ ಹೋಗಿದೆ. ಒಂದು ವರ್ಷದ ಮೇಲಾಯಿತು. ಪಕ್ಕಗಳು ಕಾಣುತ್ತವೆ, ಅದರಿಂದ ಓಡಾಡುತ್ತೇನೆ, ಗೋಡೆಗೆ ಹಾಯುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಯಾವುದನ್ನು ನೇರವಾಗಿ ನೋಡುತ್ತೇನೋ ಅದೇ ಕಾಣುವುದಿಲ್ಲ, ಅಲ್ಲಿ ಹೊಗೆ ಅಷ್ಟೆ. ನೀನು ಪಕ್ಕದಲ್ಲೆಲ್ಲೋ ಇದ್ದಿದ್ದರೆ ಬಣ್ಣವಾದರೂ ಕಂಡಿರುತ್ತಿತ್ತು. ನೇರ ನಿನ್ನ ಮುಖವನ್ನೇ ನೋಡಿದೆ, ಅದಕ್ಕೇ ನೀನು ಕಾಣಲಿಲ್ಲ.

ನಕ್ಕದ್ದು ನಿಜ. ಎಲ್ಲ ಕಿಟಕಿಗೂ ನಕ್ಕಿದ್ದೇನೆ. ಈಚೆಗೆ ಬೀದಿಗೆ ಇಳಿದರೆ ನಗುತ್ತಲೇ ನಡೆಯುವುದು ರೂಢಿಯಾಗಿದೆ, ಪರಿಚಯದವರು ಯಾರಾದರೂ 'ಮುಖ ತಿರುಗಿಸಿಕೊಂಡು ಹೋದಳು' ಅನ್ನಬಾರದಲ್ಲ. ಯಾರ್ಯಾರಿಗೋ ನಕ್ಕ ನಗುವನ್ನು ನೀನು ಇಷ್ಟು ತಿಂಗಳು ಹೊತ್ತುಕೊಂಡು ತಿರುಗಿದೆ.

ದಪ್ಪ ಅಕ್ಷರ ಯಾಕೆ, ತೋಳು ಯಾಕೆ ಹಾಗಾಯಿತು, ಯಾಕೆ ಬರಲಿಲ್ಲ ಎಂದು ಈಗ ತಿಳಿಯಿತಲ್ಲ. ಬಟ್ಟೆಯ ಒಳಮೈ ಹೊರಮೈ ಬೆರಳಿಗೆ ತಿಳಿಯುತ್ತದೆ ಎಂದು ಜಂಬ ಇತ್ತು. ಆ ಬಟ್ಟೆ ನನ್ನ ಜಂಬ ಇಳಿಸಿತು. ಅದಾದ ಮೇಲೆ ಕತ್ತರಿ ಮುಟ್ಟಿಲ್ಲ. ಕೆಲಸ ರಾಶಿ ಬಿದ್ದಿದೆ ಎಂದು ಬರೆದಿದ್ದೆನಲ್ಲ, ಅದೂ ಸುಳ್ಳೇ. ಕೆಟ್ಟು ವಾಪಸು ಬಂದ ಬಟ್ಟೆಗಳ ರಾಶಿ ಅದು. ಬೋರ್ಡಿನಲ್ಲಿ ನಿನ್ನ ಹೆಸರು ದೊಡ್ಡದಾಗಿದೆ ಎಂದು ಹೇಳಿದವರೂ ಟೀಚರೇ.

ನಿನ್ನನ್ನು ಕರೆದದ್ದು ನನ್ನ ಕಣ್ಣಿಗೋಸ್ಕರ. ಅದನ್ನು ಹೇಳಿದ್ದರೆ ನೀನು ಓಡಿ ಬರುತ್ತಿದ್ದೆ ಎಂದು ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ. ಹೇಳದೆ ಬರಮಾಡಿಕೊಂಡು, ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಹೇಳೋಣ ಅಂದುಕೊಂಡಿದ್ದೆ. ಅದು ಮೋಸ. ನೀನು ಸೀಟಿನ ಕೆಳಗೆ ಬಗ್ಗಿದೆ, ನಾನು ನಿನ್ನ ದಾರಿಗೆ ಬಲೆ ಹಾಕಿಕೊಂಡು ನಿಂತಿದ್ದೆ. ಯಾರು ಹೆಚ್ಚು ಎಂದು ತೂಗಲು ನನಗೆ ಬರುವುದಿಲ್ಲ.

'ಕ್ಷಮಿಸಿದ್ದೇನೆ' ಎಂದು ಇಲ್ಲಿ ಬರೆಸಿದ್ದೆ, ಆಮೇಲೆ ಹೊಡೆದು ಹಾಕಿಸಿದೆ. ಮೇಲೆ ಗೆರೆ ಎಳೆದದ್ದು ಕಾಣುತ್ತಿರಬೇಕು. ನೀನು ಹೇಳದೇ ಇದ್ದಿದ್ದರೆ ನನಗೆ ಸಾಯುವವರೆಗೆ ಗೊತ್ತಾಗುತ್ತಿರಲಿಲ್ಲ. ನಿದ್ದೆಬುರುಕಿ ಎಂದುಕೊಂಡೇ ನಗುತ್ತಿದ್ದೆ. ಈಗ ಆ ಬಸ್ಸು ಬಂದು ನಿಂತ ಸದ್ದಾದಾಗಲೆಲ್ಲ ಎದ್ದು ಬಾಗಿಲು ಹಾಕಿಕೊಳ್ಳುತ್ತೇನೆ. ನೋವಾಗಿದೆ. ಇಲ್ಲ ಎಂದು ಸುಳ್ಳು ಹೇಳಲಾರೆ, ಈ ಮನೆಯಲ್ಲಿ ಸುಳ್ಳು ಸಾಕಾಗಿದೆ.

ಅಕ್ಕ


ನವೆಂಬರ್ 10

ಅಕ್ಕಾ,

ಟೀಚರೇ, ಇದನ್ನು ಗಟ್ಟಿಯಾಗಿ ಓದಿ. ನಿಮ್ಮ ಬಗ್ಗೆ ಏನೇನೋ ಬರೆದಿದ್ದೆ, ಕ್ಷಮಿಸಿ.

ಎರಡು ಬಲಗೈ ತೋಳನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತೆ. ಹೊಲಿಗೆ ಎಷ್ಟು ನೇರ ಇದೆ ಅಕ್ಕಾ, ಅದನ್ನು ನೋಡಲೇ ಇಲ್ಲವಲ್ಲ ನಾನು. ಕಣ್ಣಿದ್ದವಳು ನಾನು ತಾನೆ? ನಿನ್ನ ಅಕ್ಷರ ಪತ್ರದಿಂದ ಪತ್ರಕ್ಕೆ ದೊಡ್ಡದಾಗುತ್ತಾ ಹೋದರೂ ನನಗೆ ಕಂಡದ್ದು ನನ್ನ ತಪ್ಪು ಮಾತ್ರ. ನಿನ್ನ ಕಷ್ಟವನ್ನೂ ನನ್ನ ತಪ್ಪಿಗೆ ಹೊದಿಕೆ ಮಾಡಿಕೊಂಡೆ.

ಮೇಸ್ತ್ರಿಗೆ ಹೇಳಿಬಿಟ್ಟಿದ್ದೇನೆ. ಅವರು ಚಹಾ ತರಿಸಿ ಕೊಟ್ಟರು. ಈ ತಿಂಗಳ ಕೊನೆಗೆ ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಡುತ್ತೇನೆ. ಇನ್ನು ನನ್ನ ಇಷ್ಟ ಅನಿಷ್ಟದ ಮಾತಿಲ್ಲ. ನೀನು ಹೇಳಿದ ಕಡೆ ಕೂರುತ್ತೇನೆ, ಕೊಟ್ಟದ್ದು ಹೊಲಿಯುತ್ತೇನೆ. ಬೋರ್ಡಿನಲ್ಲಿ ಹೇಗಿದೆಯೋ ಹಾಗೆ.

ತಂಗಿ


ನವೆಂಬರ್ 16

ತಂಗೀ,

ಬರಬೇಡ.

ಜೈಲಿಗೆ ಹೊರಟವಳ ಹಾಗೆ ಬರೆದಿದ್ದೀಯ. ನನ್ನ ಅಂಗಡಿ ಜೈಲಲ್ಲ, ನಾನು ಜೈಲರಮ್ಮನೂ ಅಲ್ಲ. ನೀನು ಹೀಗೆ ತಲೆ ತಗ್ಗಿಸಿಕೊಂಡು ಬಂದು ಎದುರಿಗೆ ಕೂತರೆ, ಕಣ್ಣು ಕಾಣದಿದ್ದರೂ ಆ ಮುಖ ನನಗೆ ದಿನಾ ಕಾಣುತ್ತದೆ. ಬೇಡ ಮಾರಾಯ್ತಿ. ಮೇಸ್ತ್ರಿಗೆ ಹೇಳಿದ್ದನ್ನು ವಾಪಸು ತೆಗೆದುಕೋ.

ಕ್ಷಮಿಸುವುದು ಇನ್ನೂ ಮುಗಿದಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ಆಗುತ್ತಿದೆ, ಕೆಲವು ದಿನ ಹಿಂದಕ್ಕೂ ಹೋಗುತ್ತದೆ. ಅದಕ್ಕೆ ನೀನು ಅವಸರ ಮಾಡಬೇಡ.

ಅಂಗಡಿಯ ಬಾಗಿಲು ಹಾಕಿಸಿದೆ. ಬೋರ್ಡು ಇಳಿಸಲು ಪೇಂಟರನ್ನೇ ಕರೆಸಿದೆ. ತಾನು ಬರೆದದ್ದನ್ನು ತಾನೇ ಹೊತ್ತುಕೊಂಡು ಹೋಗುವಾಗ ಗೊಣಗಿಕೊಂಡು ಹೋದ. ದೊಡ್ಡ ಕತ್ತರಿಗೆ ಸಾಣೆ ಹಿಡಿಸಿ ಬಟ್ಟೆ ಸುತ್ತಿಟ್ಟಿದ್ದೇನೆ. ಅದು ನಿನಗೆ. ನೀನೇ ಅಳೆದು ನೀನೇ ಕತ್ತರಿಸುವವಳು ಅಂದೆಯಲ್ಲ, ಕೈಗೆ ಒಳ್ಳೆಯ ಕತ್ತರಿ ಇರಲಿ.

ಅದನ್ನು ನಾನೇ ತರುತ್ತೇನೆ. ಬರುವ ಭಾನುವಾರ, ಅದೇ ಬಸ್ಸು. ಟೀಚರ್ ಹತ್ತಿಸುತ್ತಾರೆ. ಸ್ಟಾಪಿನ ಹೆಸರು ಓದುವ ತಾಪತ್ರಯ ಇಲ್ಲ, ರಸ್ತೆ ಮುಗಿದಲ್ಲಿ ಇಳಿಯುವುದು ತಾನೆ. ಎಷ್ಟು ದಿನ ಇರುತ್ತೇನೆ, ಆ ನೇರ ಹೊಲಿಗೆಗೆ ನನ್ನ ಬೆರಳು ಆಗಿಬರುತ್ತದೋ ಇಲ್ಲವೋ, ಆಮೇಲೆ ಯಾರು ಎಲ್ಲಿ, ಅದನ್ನೆಲ್ಲ ಎದುರೆದುರು ಕೂತು ಜಗಳ ಆಡೋಣ. ಪತ್ರದಲ್ಲಿ ಜಗಳ ಆಡಿ ನಮಗಿಬ್ಬರಿಗೂ ಒಳ್ಳೆಯದಾಗಿಲ್ಲ.

ಒಂದೇ ಒಂದು ಮಾತು. ನಾನು ಹಿಂದಿನ ಬಾಗಿಲ ಪಕ್ಕದ ಕಿಟಕಿಯಲ್ಲಿ ಕೂತಿರುತ್ತೇನೆ. ಬಸ್ಸು ನಿಂತಾಗ ಹೊರಗೆ ನೋಡುತ್ತಿರುತ್ತೇನೆ, ನಗುತ್ತಲೂ ಇರುತ್ತೇನೆ. ಅದನ್ನು ನೋಡಿ ನೀನು ಏನನ್ನೂ ಅರ್ಥ ಮಾಡಿಕೊಳ್ಳಬೇಡ, ನಿನ್ನ ಮುಖ ನನಗೆ ಕಾಣುತ್ತಿರುವುದಿಲ್ಲ. ನಿನಗೆ ಬೇಡ ಅನ್ನಿಸಿದರೆ ಈ ಸಲವೂ ಸುಮ್ಮನೆ ನಿಂತುಬಿಡಬಹುದು. ನನಗೆ ತಿಳಿಯುವುದಿಲ್ಲ. ಕತ್ತರಿಯನ್ನು ಕೌಂಟರಿನ ಹೆಂಗಸಿನ ಕೈಗೆ ಕೊಟ್ಟು ಮರುದಿನದ ವಾಪಸು ಬಸ್ಸಿಗೆ ಬಂದುಬಿಡುತ್ತೇನೆ, ಕೇಳುವುದಿಲ್ಲ, ಆಣೆಗೂ ಕೇಳುವುದಿಲ್ಲ.

ಬೇಕು ಅನ್ನಿಸಿದರೆ ಕೂಗು.

ಇಲ್ಲಿಂದ ಮುಂದಿನದು ನನ್ನ ಕೈಯಲ್ಲಿ ಬರೆಯುತ್ತೇನೆ, ಟೀಚರ್ ಪೆನ್ಸಿಲ್ ಕೊಟ್ಟಿದ್ದಾರೆ. ಗೆರೆ ಸೊಟ್ಟಗಾದರೆ ಬೈಯಬೇಡ.

ಜೋರಾಗಿ ಕೂಗೇ. ಬಸ್ಸಿನ ಸದ್ದಿರುತ್ತದೆ.